ಹುಳಿ ಬರಿಸುವ ಓದು

ನಮ್ಮ ಮನೆಯಲ್ಲಿ ಒಂದು ಸುಳ್ಳು ಎರಡು ವರ್ಷ ಬದುಕಿತ್ತು. ಹೇಳಿದವನು ನಾನೇ. ಮಗಳು ಬೆಲ್ಜಿಯಂ ದೇಶಕ್ಕೆ ಹೊರಟು ನಿಂತಾಗ, ಎಂಬತ್ತರ ಹತ್ತಿರದ ನನ್ನ ಅವ್ವ, "ಅಷ್ಟು ದೂರ ಏನು ಓದಕ್ಕೆ ಹೋಯ್ತಾಳೆ ಮಗ?" ಎಂದು ಕೇಳಿದಳು. "ಬ್ರೆಡ್ಡಿನ ಹಿಟ್ಟು ಉಬ್ಬಿಸ್ತಾರಲ್ಲವ್ವ, ಆ ಓದು" ಎಂದುಬಿಟ್ಟೆ. ಅವ್ವ ನಕ್ಕಳು. "ಅದಕ್ಕೆ ಅಲ್ಲಿಗಂಟ ಹೋಗಬೇಕಾ? ನಾನು ದಿನಾ ರಾತ್ರಿ ದೋಸೆ ಹಿಟ್ಟು ಉಬ್ಬಿಸ್ತೀನಲ್ಲ!" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಸತ್ಯವನ್ನೇ ಹೇಳಬೇಕು, ಕಂಡದ್ದನ್ನೇ ಬರೆಯಬೇಕು ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಪ್ರಯೋಗದ ಪುಸ್ತಕ ತಿದ್ದಿಕೊಟ್ಟ ಮೇಷ್ಟರು ನಾನು. ಮನೆಯಲ್ಲಿ ಮಾತ್ರ ಹೀಗೆ.

ಮಗಳಿಗೆ ಸಿಕ್ಕಿದ್ದು ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಅವಕಾಶ. 1425ರಲ್ಲಿ ಸ್ಥಾಪನೆಯಾದ ಹಳೆಯ ವಿದ್ಯಾಪೀಠ ಅದು. ವಿಶ್ವ ಹಿಗ್ಗುತ್ತಿದೆ, ಅದಕ್ಕೊಂದು ಆರಂಭವಿತ್ತು ಎಂದು ಲೆಕ್ಕ ಹಾಕಿ ಹೇಳಿದ ಜಾರ್ಜ್ ಲಮೇತ್ರ್ ಪಾಠ ಮಾಡಿದ್ದು ಅಲ್ಲಿಯೇ. ಅಂಥ ಕಡೆ ಮಗಳಿಗೆ ಜಾಗ ಸಿಕ್ಕಿದೆ ಎಂದಾಗ ಹಿಗ್ಗಿದವನು, ವಿಷಯ ಏನೆಂದು ಓದಿದಾಗ ಕುಗ್ಗಿದೆ. ಬಿಯರ್ ಹುದುಗುವಾಗ ಅದರಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳು ಯಾವ ಸರದಿಯಲ್ಲಿ ಕೆಲಸ ಮಾಡುತ್ತವೆ ಎಂಬುದು ಅವಳ ಅಧ್ಯಯನ.

ನಾನು ಕುಗ್ಗಿದ್ದಕ್ಕೆ ಕಾರಣವಿದೆ. ನನ್ನ ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಳ್ಳೆಯ ಕೈಗೆಲಸದವರು, ಮೆಷೀನಿನ ಸದ್ದು ಕೇಳಿಯೇ ಯಾವ ಬೆಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದರಂತೆ. ಶನಿವಾರ ಬಟವಾಡೆ. ಬಟವಾಡೆಯ ದಿನ ಸಂಜೆ ಅವ್ವ ನನ್ನನ್ನು ಸಾರಾಯಿ ಅಂಗಡಿಗೆ ಕಳಿಸುತ್ತಿದ್ದಳು, ಉಳಿದ ದುಡ್ಡನ್ನಾದರೂ ಈಸಿಕೊಂಡು ಬರಲೆಂದು. ಅಪ್ಪನ ಸೈಕಲ್ಲನ್ನು ನಾನು ತಳ್ಳುತ್ತ, ಕ್ಯಾರಿಯರ್ ಹಿಡಿದುಕೊಂಡು ಅವರು ತೂರಾಡುತ್ತ ಮನೆಗೆ ಬರುತ್ತಿದ್ದೆವು. ಎದುರಿಗೆ ನನ್ನ ತರಗತಿಯ ಹುಡುಗರು ಸಿಕ್ಕರೆ ನಾನು ತಲೆ ತಗ್ಗಿಸುತ್ತಿದ್ದೆ. 1984ರಲ್ಲಿ ಈಲಿ ಹಾಳಾಗಿ ಹೋದಾಗ ಅವರಿಗೆ ನಲವತ್ತೆರಡು. ನಾನು ಎಂಟನೇ ಕ್ಲಾಸು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಆ ದಿನ ಪತ್ರಿಕೆ ಓದಿ ಹೇಳಿದಾಗ ಅವ್ವ, "ಇಪ್ಪತ್ತಮೂರು ವರ್ಷ ತಡವಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದಳು.

ಇಂಥ ಮನೆಯ ಹುಡುಗಿ ಬಿಯರಿನ ಮೇಲೆ ಸಂಶೋಧನೆ ಮಾಡುತ್ತಾಳೆಂದರೆ! "ಪ್ರಪಂಚದಲ್ಲಿ ನಿನಗೆ ಬೇರೆ ಸೂಕ್ಷ್ಮಜೀವಿಯೇ ಸಿಗಲಿಲ್ವಾ?" ಎಂದು ಕೇಳಿದೆ. ಇನ್ನೂ ಒಂದೆರಡು ಮಾತು ಅಂದೆ. ಅವನ್ನು ಇಲ್ಲಿ ಬರೆಯಲಾರೆ. ಮಗಳು ಎದುರಾಡಲಿಲ್ಲ. ಹೋದಳು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಚಳಿ, ಮಳೆ, ಊಟದ ಮಾತು ಬಿಟ್ಟರೆ ಓದಿನ ಮಾತನ್ನು ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ. ಎರಡನೇ ವರ್ಷ ತನ್ನ ಉಳಿತಾಯದಲ್ಲಿ ನನಗೊಂದು ವಿಮಾನದ ಟಿಕೆಟು ಮಾಡಿಸಿ, "ಅಪ್ಪಾ, ಒಂದು ಸಲ ಬಂದು ಕಣ್ಣಾರೆ ನೋಡಿ. ಆಮೇಲೆ ಬೈಯಿರಿ" ಎಂದಳು. ಕಣ್ಣಾರೆ ನೋಡದೆ ತೀರ್ಮಾನಿಸಬೇಡಿ ಎಂದು ತರಗತಿಯಲ್ಲಿ ಹೇಳುವವನು ಇದಕ್ಕೆ ಏನು ಉತ್ತರ ಕೊಡಬೇಕು? 2024ರ ದಸರಾ ರಜೆಯಲ್ಲಿ ಹೊರಟೆ. ಅವ್ವನನ್ನು ನೋಡಿಕೊಳ್ಳಲು ನನ್ನ ಹೆಂಡತಿ ಊರಿನಲ್ಲೇ ಉಳಿದಳು.

ಅವಳ ರೂಮಿಗೆ ಹೋದ ಮೊದಲ ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದದ್ದು, ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಟವೆಲ್ ಸುತ್ತಿ ಕೂರಿಸಿದ್ದ ಒಂದು ಪಾತ್ರೆ. ದೋಸೆ ಹಿಟ್ಟು! "ಇಲ್ಲಿಯ ಚಳಿಗೆ ಎರಡು ದಿನವಾದರೂ ಉಬ್ಬಲ್ಲಪ್ಪ. ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಒಲೆ ಪಕ್ಕ ಇಡು ಅಂದರು. ಇದೇ ನಮ್ಮ ಒಲೆ" ಎಂದು ನಕ್ಕಳು. ಉದ್ದಿನಬೇಳೆಯ ಜೊತೆಯಲ್ಲೇ ಬರುವ ಲ್ಯೂಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿ ಬೆಳೆದು ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಚಳಿಗೆ ಅವು ಮಂಕಾಗುತ್ತವೆ. ಪಾಠ ಮಾಡುವಾಗ ನಾನು ಎಷ್ಟೋ ಸಲ ಹೇಳಿದ ಮಾತೇ.

ಎರಡು ದಿನ ಬಿಟ್ಟು ರೈಲಿನಲ್ಲಿ ಸೆನ್ನೆ ನದಿಯ ಕಣಿವೆಗೆ ಹೋದೆವು. ಸೆನ್ನೆ ಎಂದರೆ ಬ್ರಸೆಲ್ಸ್ ನಗರದೊಳಗೆ ಹರಿಯುವ ಚಿಕ್ಕ ನದಿ. ಊರಿನ ಕೊಳೆಯೆಲ್ಲ ಅದಕ್ಕೇ ಸೇರಿ ನಾರತೊಡಗಿದಾಗ 1867ರಿಂದ 1871ರ ನಡುವೆ ಪಟ್ಟಣದ ಮಧ್ಯದಲ್ಲಿ ಅದರ ಮೇಲೆ ಕಮಾನು ಕಟ್ಟಿ ಮುಚ್ಚಿಬಿಟ್ಟರು. ನಮ್ಮ ಬೆಂಗಳೂರಿನ ವೃಷಭಾವತಿಯನ್ನು ನೋಡಿದವರಿಗೆ ಆ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬ್ರಸೆಲ್ಸಿನವರು 2000 ಮತ್ತು 2007ರಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎರಡು ದೊಡ್ಡ ಸ್ಥಾವರಗಳನ್ನು ನಡೆಸತೊಡಗಿದ ಮೇಲೆ ನದಿ ಸುಧಾರಿಸಿದೆ. ನಗರ ದಾಟಿ ನೈರುತ್ಯಕ್ಕೆ ಹೋದರೆ ಹಾಲೆ, ಲೆಂಬೇಕ್, ಬೇರ್ಸೆಲ್ ಎಂಬ ಊರುಗಳು. ನದಿಯ ಪಶ್ಚಿಮಕ್ಕೆ ಪಾಯೊಟ್ಟನ್‌ಲಾಂಡ್ ಎಂಬ ಏರುತಗ್ಗಿನ ಹೊಲಗಳ ನಾಡು. 16ನೆಯ ಶತಮಾನದ ಚಿತ್ರಕಾರ ಬ್ರೂಗೆಲ್ ಕುರುಡರು ಕುರುಡರ ಹಿಂದೆ ನಡೆದು ಹಳ್ಳಕ್ಕೆ ಬೀಳುವ ಚಿತ್ರವನ್ನು 1568ರಲ್ಲಿ ಬರೆದ. ಅದರಲ್ಲಿ ಹಿಂದೆ ಕಾಣುವ ಪುಟ್ಟ ಚರ್ಚು ಈ ಸೀಮೆಯ ಒಂದು ಹಳ್ಳಿಯದು, ಇವತ್ತಿಗೂ ನಿಂತಿದೆ.

ಈ ಕಣಿವೆಯ ಹಳ್ಳಿಗಳಲ್ಲಿ ಲ್ಯಾಂಬಿಕ್ ಎಂಬ ಒಂದು ಹಳೆಯ ಬಗೆಯ ಬಿಯರ್ ಮಾಡುತ್ತಾರೆ. ಅದನ್ನು ಮಾಡುವ ಮನೆತನಗಳು ಈಗ ಬೆರಳೆಣಿಕೆಯವು. ಅದರ ವಿಶೇಷ ಇಷ್ಟೇ: ಇದಕ್ಕೆ ಯಾರೂ ಯೀಸ್ಟ್ ಹಾಕುವುದಿಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಎಂಬ ವಿಜ್ಞಾನಿ 1883ರಲ್ಲಿ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿ ತೋರಿಸಿದ. ಅಲ್ಲಿಂದೀಚೆಗೆ ಜಗತ್ತಿನ ಬಿಯರ್ ಕಾರ್ಖಾನೆಗಳೆಲ್ಲ ಆ ದಾರಿ ಹಿಡಿದವು. ಸೆನ್ನೆ ಕಣಿವೆಯ ಈ ಕೆಲವರು ಮಾತ್ರ ಗಾಳಿಯಲ್ಲಿ, ಮರದಲ್ಲಿ, ಗೋಡೆಯಲ್ಲಿ ಇರುವ ಕಾಡು ಸೂಕ್ಷ್ಮಜೀವಿಗಳನ್ನೇ ನಂಬಿಕೊಂಡು ಉಳಿದರು. ನಾವು ಅಕ್ಕಿ ಉದ್ದು ರುಬ್ಬಿ ಮುಚ್ಚಿಟ್ಟು ಮಲಗುತ್ತೇವಲ್ಲ, ಹಾಗೆ.

ಮೊದಲು ನೋಡಿದ ಬ್ರೂವರಿಯಲ್ಲಿ ಕತ್ತಲೆ ಕತ್ತಲೆಯಾದ ಉದ್ದನೆಯ ಕೊಟ್ಟಿಗೆ. ಎರಡೂ ಕಡೆ ಓಕ್ ಮರದ ಪೀಪಾಯಿಗಳು, ಒಂದರ ಮೇಲೊಂದು. ಸೀಮೆಸುಣ್ಣದಲ್ಲಿ ತಾರೀಖು ಬರೆದಿದ್ದರು. ಎಲ್ಲಿ ನೋಡಿದರೂ ಜೇಡರ ಬಲೆ. ಯಜಮಾನ ಡಚ್ ಭಾಷೆಯಲ್ಲಿ ಹೇಳುತ್ತಿದ್ದ, ಮಗಳು ಕನ್ನಡಕ್ಕೆ ತಿರುಗಿಸುತ್ತಿದ್ದಳು. "ಬಲೆ ತೆಗೆಯಲ್ವಂತೆ ಅಪ್ಪ. ಹಣ್ಣಿನ ನೊಣ ಪೀಪಾಯಿಗೆ ಬಂದರೆ ವಿನಿಗರ್ ಆಗಿಬಿಡುತ್ತೆ. ಜೇಡ ಆ ನೊಣ ತಿನ್ನುತ್ತೆ. ಜೇಡ ನಮ್ಮ ಸಂಬಳವಿಲ್ಲದ ಆಳು ಅಂತಾರೆ." ಛಾವಣಿಯ ಹೆಂಚು ಬದಲಿಸಲೂ ಇವರಿಗೆ ಭಯ. ಹಳೆಯ ಹೆಂಚಿನಲ್ಲಿರುವ ಜೀವಿಗಳು ಹೋದರೆ ರುಚಿ ಹೋದೀತೆಂಬ ಅಂಜಿಕೆ.

ಎರಡನೆಯದು ಇನ್ನೂ ಚಿಕ್ಕದು. ಅವರು ಬೇಯಿಸುವುದೇ ಇಲ್ಲ. ಬೇರೆಯವರು ಬೇಯಿಸಿದ ರಸವನ್ನು ತಂದು ತಮ್ಮ ಪೀಪಾಯಿಗಳಲ್ಲಿ ಹುದುಗಿಸಿ, ಬೆರೆಸುವುದಷ್ಟೇ ಅವರ ಕಸುಬು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಹದವಾಗಿ ಬೆರೆಸಿ ಬಾಟಲಿಗೆ ತುಂಬಿದರೆ, ಎಳೆಯದರಲ್ಲಿ ಉಳಿದಿರುವ ಸಕ್ಕರೆ ಬಾಟಲಿಯೊಳಗೇ ಮತ್ತೆ ಹುದುಗಿ ನೊರೆ ಬರುತ್ತದೆ. ಅದಕ್ಕೆ ಗ್ಯೂಜ್ ಎಂದು ಹೆಸರು. ಸಾಂಪ್ರದಾಯಿಕ ವಿಧಾನದಲ್ಲಿ ಮಾಡಿದ್ದಕ್ಕೆ ಐರೋಪ್ಯ ಒಕ್ಕೂಟ 1997ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಿದೆ. ನನಗೆ ಅಚ್ಚರಿಯಾದದ್ದು ಅವರ ತಾಳ್ಮೆ. ಇವತ್ತು ಮಾಡಿದ ಕೆಲಸದ ಫಲಿತಾಂಶ ಮೂರು ವರ್ಷಕ್ಕೆ ತಿಳಿಯುತ್ತದೆ. ನಾವಾದರೋ ಮಗು ಕಿರುಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ ತಂದರೆ ಆ ರಾತ್ರಿಯೇ ಅದರ ಭವಿಷ್ಯ ಮುಗಿಯಿತೆಂದು ಊಟ ಬಿಡುತ್ತೇವೆ.

ಮೂರನೆಯದು ಹಾಲೆಯ ಸಮೀಪದ ಒಂದು ಹಳ್ಳಿಯಲ್ಲಿ. ಅಲ್ಲಿ ಬೇಯಿಸುವುದನ್ನೇ ನೋಡಬೇಕೆಂದು ಮಗಳ ಆಸೆ. ಆದರೆ ಲ್ಯಾಂಬಿಕ್ ಬೇಯಿಸಲು ಚಳಿ ಬೇಕು. ಅಕ್ಟೋಬರಿನಿಂದ ಏಪ್ರಿಲ್ ತನಕ ಮಾತ್ರ. ಬೇಸಿಗೆಯ ಗಾಳಿಯಲ್ಲಿ ಬೇಡದ ಜೀವಿಗಳು ಹೆಚ್ಚಾಗಿ ರಸ ಕೆಡುತ್ತದೆ. "ತಾತನ ಕಾಲದಲ್ಲಿ ಅಕ್ಟೋಬರ್ ಬಂತೆಂದರೆ ಒಲೆ ಹಚ್ಚುತ್ತಿದ್ದೆವು. ಈಗ ಚಳಿಗೇ ಕಾಯಬೇಕು" ಎಂದು ಅಲ್ಲಿಯ ಯಜಮಾನರು ಥರ್ಮಾಮೀಟರ್ ತೋರಿಸಿ ಹೇಳಿದರು. ಮಳೆಗಾಗಿ ಮುಗಿಲು ನೋಡುವ ನಮ್ಮ ರೈತರ ಮುಖವೇ ಅದು. ಮೂರು ದಿನ ಕಾದೆವು. ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಬಂತು: ಇವತ್ತು ರಾತ್ರಿ ತಣ್ಣಗಾಗುತ್ತದೆ, ಬನ್ನಿ.

ಕೆಲಸ ಹೀಗೆ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿರುತ್ತಾರೆ, ಅದೇ ಮಾಲ್ಟ್. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿರುತ್ತದೆ. ಅದಕ್ಕೆ ಮೂರನೆಯ ಒಂದು ಪಾಲಿನಷ್ಟು ಹಸಿ ಗೋಧಿ ಸೇರಿಸಿ, ಬಿಸಿನೀರಿನಲ್ಲಿ ಹಂತ ಹಂತವಾಗಿ ಕಾಯಿಸಿದರೆ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಸೋಸಿದ ರಸಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಬೇರೆಯವರು ತಾಜಾ ಹೂ ಹುಡುಕಿದರೆ ಇವರು ಒಂದೆರಡು ವರ್ಷ ಹಳೆಯದನ್ನೇ ಬಳಸುತ್ತಾರೆ. ಕಹಿ ತಗ್ಗಿರುತ್ತದೆ, ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಉಳಿದಿರುತ್ತದೆ. ಸಂಜೆ ಆ ಕುದಿರಸವನ್ನು ಅಟ್ಟದ ಮೇಲಿರುವ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಗೆ ಬಿಟ್ಟರು. ಕಿಟಕಿಯ ಪಟ್ಟಿಗಳನ್ನು ತೆರೆದರು. ಅಟ್ಟವೆಲ್ಲ ಹಬೆ. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ರಸದ ಮೇಲೆ ಸುಳಿಯತೊಡಗಿತು. ಇಡೀ ರಾತ್ರಿ ಹೀಗೆ ಬಿಟ್ಟು, ಬೆಳಿಗ್ಗೆ ಪೀಪಾಯಿಗೆ ತುಂಬುತ್ತಾರೆ. ಕೆಲವು ದಿನಕ್ಕೆ ಪೀಪಾಯಿಯ ಬಾಯಿಂದ ನೊರೆ ಉಕ್ಕುತ್ತದೆ.

ಆ ಹಬೆಯಲ್ಲಿ ನಿಂತಾಗ ನನ್ನ ಮೂಗಿಗೆ ಬಂದದ್ದು ಸಾರಾಯಿ ಅಂಗಡಿಯ ವಾಸನೆಯಲ್ಲ. ಅವ್ವ ಮೊಳಕೆ ಕಟ್ಟಿದ ರಾಗಿಯನ್ನು ಹುರಿಯುವಾಗ ಬರುವ ಘಮ. ಯಜಮಾನರು ಕೆಳಗಿಳಿದು ಬಂದು ಒಂದು ಲೋಟ ಗ್ಯೂಜ್ ಸುರಿದು ನನ್ನ ಮುಂದೆ ಹಿಡಿದರು. ನಾನು ಕೈ ಮುಗಿದು ಬೇಡವೆಂದೆ. ಮಗಳು ಅವರಿಗೆ ಏನೋ ಹೇಳಿದಳು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೇಲೆ ಹೋಗಿ, ಆಗಷ್ಟೇ ತೊಟ್ಟಿಗೆ ಬಿದ್ದಿದ್ದ ರಸವನ್ನು ಒಂದು ಬಟ್ಟಲಿನಲ್ಲಿ ತಂದುಕೊಟ್ಟರು. "ಇದಕ್ಕಿನ್ನೂ ಯೀಸ್ಟ್ ಮುಟ್ಟಿಲ್ಲ ಅಪ್ಪ. ಆಲ್ಕೋಹಾಲ್ ಇಲ್ಲ. ಬರೀ ಮೊಳಕೆ ಕಾಳಿನ ಕಷಾಯ" ಎಂದಳು ಮಗಳು. ಬಿಸಿಬಿಸಿಯಾಗಿ ಕುಡಿದೆ. ಸಿಹಿ, ಹಿಂದೆಯೇ ಒಂದಿಷ್ಟು ಒಗರು. ರಾಗಿ ಮಾಲ್ಟಿಗೆ ಬೆಲ್ಲ ಹೆಚ್ಚಾದ ಹಾಗೆ.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಕೇಳಿಯೇಬಿಟ್ಟೆ. "ನೀನು ಕುಡೀತೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೆಲಸಕ್ಕೆ ಬೇಕಾದಷ್ಟು ರುಚಿ ನೋಡ್ತೀನಪ್ಪ. ಒಂದೊಂದು ಗುಟುಕು. ಅಷ್ಟೇ. ನಿಮ್ಮ ಹತ್ರ ಸುಳ್ಳು ಹೇಳಬಾರದು ಅಂತ ಹೇಳ್ತಿದೀನಿ."

"ತಾತನ ಕಥೆ ಗೊತ್ತಿದ್ದೂ ಈ ಓದು ಯಾಕೆ ಹಿಡಿದೆ?"

"ನೀವೇ ಅಲ್ವಾ ಅಪ್ಪ ತೋರಿಸಿದ್ದು! ಒಂಬತ್ತನೇ ಕ್ಲಾಸಲ್ಲಿ. ಬಾಟಲಿಗೆ ಸಕ್ಕರೆ ನೀರು, ಯೀಸ್ಟ್ ಹಾಕಿ, ಪೈಪು ಬಿಟ್ಟು ಸುಣ್ಣದ ತಿಳಿನೀರಲ್ಲಿ ಗುಳ್ಳೆ ಬರಿಸಿದ್ರಿ. ತಿಳಿನೀರು ಹಾಲಿನ ಹಾಗೆ ಆಯ್ತು. ಕಣ್ಣಿಗೆ ಕಾಣದ ಜೀವ ಉಸಿರು ಬಿಡ್ತಿದೆ ನೋಡ್ರೋ ಅಂದ್ರಿ. ಆ ದಿನ ನನಗೆ ನಿದ್ದೆ ಬರಲಿಲ್ಲ. ನನಗೆ ಬೇಕಾಗಿರೋದು ಆ ಜೀವದ ಸಮಾಚಾರ, ಬಿಯರ್ ಅಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಯೋಗವನ್ನು ನಾನು ವರ್ಷವರ್ಷವೂ ಮಾಡಿಸುತ್ತೇನೆ. ಎಷ್ಟು ಮಕ್ಕಳು ನೋಡಿದರೋ! ಒಂದು ಮಗು ನಿದ್ದೆ ಬಿಟ್ಟು ಯೋಚಿಸಿತ್ತು, ಅದು ನನ್ನ ಮನೆಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ರೈಲಿನಲ್ಲಿ ದಾರಿಯುದ್ದಕ್ಕೂ ಅವಳು ಪಾಠ ಮಾಡಿದಳು, ನಾನು ವಿದ್ಯಾರ್ಥಿ. ಪೀಪಾಯಿಯಲ್ಲಿ ಮೊದಲು ಒಂದು ತಿಂಗಳು ಒಂದು ಗುಂಪಿನ ಬ್ಯಾಕ್ಟೀರಿಯಾಗಳ ಆಟ. ಆಮೇಲೆ ಸ್ಯಾಕರೊಮೈಸಿಸ್ ಎಂಬ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಬಳಿಕ ಪೆಡಿಯೊಕಾಕಸ್ ಬಂದು ಹುಳಿ ಬರಿಸುತ್ತದೆ. ಎಷ್ಟೋ ತಿಂಗಳ ನಂತರ ಬ್ರೆಟ್ಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್, ಉಳಿದವರು ಬಿಟ್ಟ ಎಂಜಲನ್ನು ತಿಂದು ಬದುಕುತ್ತದೆ. ಒಬ್ಬರು ಹೊಲ ಹದ ಮಾಡಿ ಬಿಟ್ಟುಹೋದರೆ ಮತ್ತೊಬ್ಬರು ಬಿತ್ತುವ ಹಾಗೆ. ನಮ್ಮ ದೋಸೆ ಹಿಟ್ಟಿನಲ್ಲೂ ಇಂಥದೇ ಸರದಿ ಇದೆ ಎಂದಳು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಗ್ಲೂಕೋಸ್ ಅಣು ಒಡೆದು ಎರಡು ಈಥೈಲ್ ಆಲ್ಕೋಹಾಲ್ ಅಣು, ಎರಡು ಕಾರ್ಬನ್ ಡೈಆಕ್ಸೈಡ್ ಅಣು ಆಗುತ್ತವೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ಕೂಡಿಸಿ ನೋಡಿ, ಒಂದು ಗ್ರಾಮೂ ಎಲ್ಲಿಗೂ ಹೋಗಿಲ್ಲ. ನೀವು ಓದುವ ವಿಜ್ಞಾನದ ಎಷ್ಟೋ ಪಾಠಗಳು ಈ ಹುದುಗುವ ಪಾತ್ರೆಯಿಂದಲೇ ಎದ್ದು ಬಂದವು. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಜೀವಕೋಶವನ್ನು ಅರೆದು ತೆಗೆದ ರಸದಿಂದಲೂ ಹುದುಗು ಬರಿಸಬಹುದೆಂದು 1897ರಲ್ಲಿ ತೋರಿಸಿದ ಬುಖ್ನರ್‌ಗೆ 1907ರಲ್ಲಿ ನೊಬೆಲ್ ಬಂತು. ಆಮ್ಲ, ಕ್ಷಾರ ಅಳೆಯುವ ಪಿಎಚ್ ಮಾಪಕವನ್ನು 1909ರಲ್ಲಿ ಸೋರೆನ್‌ಸೆನ್ ರೂಪಿಸಿದ್ದು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಸಂಖ್ಯಾಶಾಸ್ತ್ರದಲ್ಲಿ ಬರುವ 'ಸ್ಟೂಡೆಂಟ್' ಪರೀಕ್ಷೆಯನ್ನು 1908ರಲ್ಲಿ ಪ್ರಕಟಿಸಿದ ಗಾಸೆಟ್, ಡಬ್ಲಿನ್ನಿನ ಬಿಯರ್ ಕಂಪನಿಯೊಂದರ ನೌಕರ; 'ವಿದ್ಯಾರ್ಥಿ' ಎಂಬುದು ಅವನ ಗುಪ್ತನಾಮ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ನಾನು ಮೇಷ್ಟರೂ ಅಲ್ಲ, ನನ್ನಪ್ಪನ ಮಗನೂ ಅಲ್ಲ. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಗುರುತಿಸಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸೆನ್ನೆ ಕಣಿವೆಯ ಬಿಯರಿಗೂ ಈ ಮಾತು ಸಲ್ಲುತ್ತದೆ. ಕಸುಬು ಚೆಂದವಿದ್ದ ಮಾತ್ರಕ್ಕೆ ಈಲಿ ರಿಯಾಯಿತಿ ಕೊಡುವುದಿಲ್ಲ. ಯೀಸ್ಟನ್ನು ಅರಿಯುವುದು ಬೇರೆ, ಅದು ಮಾಡಿದ್ದಕ್ಕೆ ಆಳಾಗುವುದು ಬೇರೆ. ನನ್ನಪ್ಪನಿಗೆ ಎರಡನೆಯದಷ್ಟೇ ಗೊತ್ತಿತ್ತು. ನಾನು ಈ ಎರಡನ್ನೂ ಒಂದೇ ಎಂದುಕೊಂಡು ಮಗಳ ಜೊತೆ ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ.

ಊರಿಗೆ ಬಂದ ಮೂರನೆಯ ದಿನ ಸಂಜೆ ಅವ್ವ ಅಡುಗೆಮನೆಯಲ್ಲಿ ಅಕ್ಕಿ, ಉದ್ದು ನೆನೆಹಾಕುತ್ತಿದ್ದಳು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಬ್ರೆಡ್ಡಿನ ಓದಲ್ಲ, ಬಿಯರಿನ ಓದು ಎಂದೂ ಹೇಳಿದೆ. ಅವ್ವನ ಕೈ ನೀರಿನಲ್ಲೇ ನಿಂತಿತು.

"ಅವಳು ಕುಡಿತಾಳಾ?"

"ಪರೀಕ್ಷೆ ಮಾಡಕ್ಕೆ ಅಂತ ಒಂದು ಗುಟುಕು ಬಾಯಿಗೆ ಹಾಕ್ತಾಳಂತವ್ವ. ಅವಳೇ ಹೇಳಿದಳು."

"ಅವಳೇ ಹೇಳಿದ್ಲಾ?"

"ಹೂಂ."

ಅವ್ವ ಮತ್ತೇನೂ ಕೇಳಲಿಲ್ಲ. ರಾತ್ರಿ ಊಟಕ್ಕೂ ಮಾತಿಲ್ಲ. ನಾನು ಹೇಳಬಾರದಿತ್ತೇನೋ ಎಂದುಕೊಂಡು ಮಲಗಿದೆ. ಬೆಳಿಗ್ಗೆ ದೋಸೆ ಹುಯ್ಯುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು: "ನಿಮ್ಮಪ್ಪ ಒಂದು ದಿನವಾದರೂ ನನ್ನ ಹತ್ರ ಎಷ್ಟು ಕುಡಿದೆ ಅಂತ ನಿಜ ಹೇಳಿರಲಿಲ್ಲ ಕಣೋ." ಎರಡು ದೋಸೆ ಆದ ಮೇಲೆ, "ಅವಳಿಗೆ ಫೋನ್ ಹಚ್ಚು. ಆ ಚಳಿಗೆ ಹಿಟ್ಟಿಗೆ ಒಂದು ಚಿಟಿಕೆ ಮೆಂತ್ಯ ಹಾಕಿ ರುಬ್ಬು ಅಂತ ಹೇಳಬೇಕು. ಹೋದ ಸಲ ಮರೆತೆ" ಎಂದಳು.

ಫೋನ್ ಹಚ್ಚಿ ಅವ್ವನ ಕೈಗೆ ಕೊಟ್ಟೆ. ಅಲ್ಲಿನ್ನೂ ಬೆಳಕು ಹರಿದಿರಲಿಲ್ಲ.